ಎಂಟನೇ ಕೆಲಸದವನು

“ಇದು ಬಿಳಿ ಅಲ್ಲ ಮೇಡಂ.”

ಬಣ್ಣದ ಕೋಣೆಯಲ್ಲಿದ್ದವರೆಲ್ಲ ನಿಂತಲ್ಲೇ ನಿಂತುಬಿಟ್ಟರು. ಬಣ್ಣ ಕಲೆಸುವ ಕಡಾಯಿ ಮಾಮನ ಟೀ ಲೋಟ ಬಾಯಿಗೆ ಹೋಗುವ ಅರ್ಧದಾರಿಯಲ್ಲೇ ಉಳಿಯಿತು.

ಹದಿನಾಲ್ಕು ವರ್ಷಗಳಲ್ಲಿ ಆ ಪೇಂಟ್ ಕಾರ್ಖಾನೆಯಲ್ಲಿ ಅವಳ ಮುಖಕ್ಕೆ ಮುಖ ಕೊಟ್ಟು ಯಾರೂ ಹೀಗೆ ಹೇಳಿರಲಿಲ್ಲ. ಕಡಾಯಿಯಲ್ಲಿ ಬಣ್ಣ ಕಲೆಸಿದ ಮೇಲೆ ಅದು ಡಬ್ಬಿಗೆ ಹೋಗಬೇಕೆಂದರೆ ಮೊದಲು ಅವಳ ಕಣ್ಣಿಗೆ ಬೀಳಬೇಕು. ಅವಳು ಮಾದರಿ ತಗಡನ್ನು ಪಕ್ಕದಲ್ಲಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು, “ಹೂಂ” ಅಂದರೆ ಸರಿ. “ಊಹೂಂ” ಅಂದರೆ ಯಜಮಾನರೇ ಬಂದು ಕೈಮುಗಿದರೂ ಡಬ್ಬಿ ಮುಚ್ಚುವಂತಿಲ್ಲ. ಮೂವತ್ತನಾಲ್ಕರ ಅವಳನ್ನು ಐವತ್ತೈದರ ಕಡಾಯಿ ಮಾಮನೂ “ಬಣ್ಣದಕ್ಕ” ಎಂದೇ ಕರೆಯುತ್ತಿದ್ದ.

ಅಂಥವಳ ಎದುರು, ಕೆಲಸಕ್ಕೆ ಬಂದು ಒಂದು ಗಂಟೆಯೂ ಆಗದ ಹೊಸ ಕೆಮಿಸ್ಟ್ ಈ ಮಾತಾಡಿದ್ದ. ಅದೂ ಯಾವುದರ ಬಗ್ಗೆ? ಕಾರ್ಖಾನೆಗೆ ಹೆಸರು ತಂದುಕೊಟ್ಟ ‘ಹಾಲುಬಿಳಿ’ಯ ಬಗ್ಗೆ.

“ಮತ್ತೇನಿದು?” ಅವಳ ದನಿ ತಣ್ಣಗಿತ್ತು. ಮೈ ಮಾತ್ರ ಉರಿಯುತ್ತಿತ್ತು.

“ಸ್ವಲ್ಪ ಹಳದಿ ಹೊಡೀತಿದೆ.”

“ಮಾದರಿ ತಗಡಿಗೆ ಕೂಡ್ತಿದೆ ತಾನೆ?”

“ಕೂಡ್ತಿದೆ. ಅದಕ್ಕೇ ಭಯ ಆಗ್ತಿದೆ.”

ಎಷ್ಟು ಸೊಕ್ಕು ಇವನಿಗೆ... ಎಂದುಕೊಂಡಳು. ಆದರೆ ಅವನ ಮುಖದಲ್ಲಿ ಸೊಕ್ಕು ಕಾಣಲಿಲ್ಲ. ನಿಜವಾಗಿಯೂ ಭಯವೇ ಇತ್ತು. ಅದನ್ನು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

“ಇದಕ್ಕೆ ಮುಂಚೆ ಎಲ್ಲಿದ್ರಿ?”

“ಯಾವುದಕ್ಕೆ ಮುಂಚೆ? ಇದು ನನ್ನ ಎಂಟನೇ ಕೆಲಸ.”

ಕಡಾಯಿ ಮಾಮನಿಗೆ ಟೀ ನೆತ್ತಿಗೇರಿತು. ಮಧ್ಯಾಹ್ನದ ಊಟದ ಹೊತ್ತಿಗೆ ಹೊಸಬನಿಗೆ ‘ಟೆಂಪ್ರವರಿ’ ಎಂದು ಹೆಸರಿಟ್ಟಾಗಿತ್ತು. ಸಂಜೆಯೊಳಗೆ ಗೇಟಿನ ಕಾವಲಿನವನೂ ಹಾಗೇ ಕರೆಯತೊಡಗಿದ್ದ.

ಹೊಸಬನ ಮಾತಿಗೆ ಅವಳು ಅಷ್ಟು ಉರಿದುಬಿದ್ದದ್ದಕ್ಕೆ ಕಾರಣ ಇತ್ತು. ಅದೇ ವಾರ ಆಸ್ಪತ್ರೆಯೊಂದು ಕಾರ್ಖಾನೆಗೆ ಅರವತ್ತು ಡಬ್ಬಿ ಹಾಲುಬಿಳಿ ವಾಪಸು ಕಳಿಸಿತ್ತು. ಹನ್ನೆರಡು ವರ್ಷದ ಹಿಂದೆ ಆ ಆಸ್ಪತ್ರೆಯ ಬಾಗಿಲುಗಳಿಗೆಲ್ಲ ಇದೇ ಹಾಲುಬಿಳಿ ಬಳಿದಿದ್ದರು. ಈಗ ಹೊಸ ವಾರ್ಡು ಕಟ್ಟಿ ಮತ್ತೆ ಅದನ್ನೇ ತರಿಸಿದರೆ, ಹಳೆ ಬಾಗಿಲಿಗೂ ಹೊಸ ಬಾಗಿಲಿಗೂ ಬಣ್ಣ ಕೂಡುತ್ತಿರಲಿಲ್ಲ.

“ಹಳೆ ಬಾಗಿಲು ಬೆಳಕಿಗೆ ಬಿಳಿಚಿಕೊಂಡಿರುತ್ತೆ,” ಎಂದು ಅವಳು ಯಜಮಾನರಿಗೆ ಖಡಾಖಂಡಿತವಾಗಿ ಹೇಳಿದ್ದಳು. “ನನ್ನ ತಗಡು ಒಂದು ದಿನವೂ ಬಿಸಿಲು ಕಂಡಿಲ್ಲ.”

ಅದು ಸತ್ಯ. ಅಂಗೈಯಗಲದ ಆ ತಗಡನ್ನು ಅವಳು ಕೆಲಸಕ್ಕೆ ಸೇರಿದ ಮೊದಲ ವಾರ ತಾನೇ ಬಳಿದಿದ್ದಳು. ಅಂದಿನಿಂದ ಕಪ್ಪು ಬಟ್ಟೆಯಲ್ಲಿ ಸುತ್ತಿ, ಡ್ರಾಯರಿನಲ್ಲಿಟ್ಟು, ಬೀಗ ಹಾಕಿ ಕಾಪಾಡಿದ್ದಳು. ಹೆತ್ತ ಮಗುವನ್ನೂ ಯಾರೂ ಅಷ್ಟು ಜೋಪಾನ ಮಾಡಲಿಕ್ಕಿಲ್ಲ.

ಯಜಮಾನರು ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು. ಆಮೇಲೆ ಹೇಳಿದರು, “ಇನ್ನು ಮೂರು ವಾರ ಟೈಮ್ ಕೊಟ್ಟಿದ್ದಾರೆ ಕಣಮ್ಮ. ಈ ಸಲವೂ ಕೂಡಲಿಲ್ಲ ಅಂದ್ರೆ ನಾನು ಬಣ್ಣದ ಕೋಣೆ ಮುಚ್ಚಿಬಿಡ್ತೀನಿ. ಹೊರಗಡೆಯಿಂದ ರೆಡಿ ಬಣ್ಣ ತರಿಸಿ ಡಬ್ಬಿಗೆ ತುಂಬೋದು, ಅಷ್ಟೇ. ನನಗೂ ವಯಸ್ಸಾಯ್ತು.”

ಬಣ್ಣದ ಕೋಣೆ ಮುಚ್ಚಿದರೆ ಅವಳಿಗೆ ಉಳಿಯುವುದೇನು?

*

ಕೆಲಸ ಬದಲಿಸುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅದು ಬಾಲ್ಯದಿಂದ ಬಂದ ಗಾಯ.

ಅವಳಪ್ಪ ಹನ್ನೊಂದು ಕೆಲಸ ಬದಲಿಸಿದ ಮನುಷ್ಯ. ಪ್ರತಿಸಲವೂ ಹೊಸ ಮನೆ, ಹೊಸ ಶಾಲೆ, ಹೊಸ ಬೆಂಚು. ಗೆಳತಿಯ ಹೆಸರು ನಾಲಿಗೆಗೆ ಅಂಟುವಷ್ಟರಲ್ಲಿ ಗಂಟುಮೂಟೆ ಕಟ್ಟಬೇಕು. ಹತ್ತನೇ ವಯಸ್ಸಿನಲ್ಲೇ ಅವಳು ಎರಡು ಪಣ ತೊಟ್ಟಿದ್ದಳು. ಒಂದು, ದೊಡ್ಡವಳಾದ ಮೇಲೆ ಒಂದೇ ಕಡೆ ಬೇರುಬಿಟ್ಟು ಇರುವುದು. ಎರಡು, ಕಾಲಿಗೆ ಚಕ್ರ ಕಟ್ಟಿಕೊಂಡ ಗಂಡಸನ್ನು ಸಾಯುವವರೆಗೂ ಮದುವೆಯಾಗದಿರುವುದು.

ಮೊದಲನೆಯದನ್ನು ಹದಿನಾಲ್ಕು ವರ್ಷ ಪಾಲಿಸಿದ್ದಳು. ಎರಡನೆಯದಕ್ಕೆ ಈಗ ಸಂಚಕಾರ ಬಂದಿತ್ತು.

ಯಾಕೆಂದರೆ ಟೆಂಪ್ರವರಿ ದಿನಾ ಟೀ ಹೊತ್ತಿಗೆ ಬಣ್ಣದ ಕೋಣೆಗೇ ಬರತೊಡಗಿದ. ಬಂದು ಸುಮ್ಮನೆ ಕೂರುವ ಜಾತಿಯೇ ಅಲ್ಲ.

“ಪೆನ್ಸಿಲ್ ಕಾರ್ಖಾನೇಲಿ ಎರಡು ವರ್ಷ ಇದ್ದೆ. ಆಮೇಲೆ ದೋಣಿ ರಿಪೇರಿ. ಆಮೇಲೆ ಆಟಿಕೆ. ಮಧ್ಯೆ ಎಂಟು ತಿಂಗಳು ತಲೆಗೂದಲಿನ ಬಣ್ಣ.”

“ಅಲ್ಲಿಂದ ಯಾಕೆ ಬಿಟ್ರಿ?”

“ನನ್ನ ತಲೆ ಮೇಲೇ ಪರೀಕ್ಷೆ ಮಾಡ್ತಿದ್ರು. ಮೂರು ವಾರ ನೇರಳೆ ಬಣ್ಣದಲ್ಲಿ ಓಡಾಡಿದೀನಿ.”

ಅವಳು ನಗಬಾರದೆಂದು ಹಲ್ಲು ಕಚ್ಚಿಕೊಂಡಳು. ಆದರೂ ನಕ್ಕಳು. ಕಡಾಯಿ ಮಾಮ ಬಾಗಿಲಿನಿಂದ ಇಣುಕಿ, ಹದಿನಾಲ್ಕು ವರ್ಷದಲ್ಲಿ ಬಣ್ಣದಕ್ಕನ ಹಲ್ಲು ಇವತ್ತೇ ನೋಡಿದ್ದು ಎಂದು ಊರೆಲ್ಲ ಸಾರಿಕೊಂಡು ಬಂದ.

ಇನ್ನೊಂದು ದಿನ ಅವಳೇ ಕೇಳಿದಳು. “ಒಂದು ಕಡೆ ನಿಲ್ಲಬೇಕು ಅಂತ ಅನ್ನಿಸೋದೇ ಇಲ್ವಾ ನಿಮಗೆ?”

“ಕಲಿಯೋದು ಮುಗಿದ ಮೇಲೂ ಕೂತಿದ್ರೆ ಮನಸ್ಸು ಜಂಗು ಹಿಡಿಯುತ್ತೆ. ನಿಮಗೆ ಹೊರಗೆ ಹೋಗಬೇಕು ಅನ್ಸಲ್ವಾ?”

“ನಾನು ಹೋದ್ರೆ ಈ ಕೋಣೆ ಯಾರು ನೋಡ್ಕೋತಾರೆ?”

“ಅದು ನಾನು ಕೇಳಿದ್ದಕ್ಕೆ ಉತ್ತರ ಅಲ್ಲ,” ಎಂದ ಮೆಲ್ಲಗೆ.

ಅವಳು ಸರಕ್ಕನೆ ತಲೆಯೆತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ. ಬಣ್ಣ ನೋಡುವವರು ನೋಡುವ ಹಾಗೆ, ಆತುರವಿಲ್ಲದೆ, ಒಂದು ಕಲೆಯನ್ನೂ ಬಿಡದೆ. ಅವಳಿಗೆ ಕೆನ್ನೆ ಬಿಸಿಯಾಯಿತು.

“ನೀವು ಇಲ್ಲಿಂದಲೂ ಹೋಗ್ತೀರ.” ಅವಳು ಕೇಳಲಿಲ್ಲ, ಹೇಳಿದಳು.

ಅವನು ಟೀ ಲೋಟ ಕೆಳಗಿಟ್ಟ. “ಸುಳ್ಳು ಹೇಳಲಾರೆ. ಯಾವತ್ತೋ ಒಂದು ದಿನ ಹೋಗಬಹುದು.”

ಆ ಉತ್ತರ ಅವಳಿಗೆ ನೋವು ಕೊಟ್ಟಿತು. ನೋವಾದದ್ದಕ್ಕೆ ತನ್ನ ಮೇಲೆಯೇ ಕೋಪ ಬಂತು. ಇನ್ನೂ ಸರಿಯಾಗಿ ಬಂದೇ ಇಲ್ಲ, ಹೋದರೇನು ಇದ್ದರೇನು... ಎಂದು ಮನಸ್ಸಿಗೆ ಗದರಿಸಿಕೊಂಡಳು. ಮನಸ್ಸು ಕೇಳಬೇಕಲ್ಲ?

*

ಮರುದಿನದಿಂದ ಅವಳಿಗೆ ಆರು ದಿನ ರಜೆ. ಅಪ್ಪನ ಬಲಗಣ್ಣಿನ ಪೊರೆ ತೆಗೆಸಬೇಕಿತ್ತು. ಕಡಾಯಿ ಮಾಮ ಕಡಾಯಿ ತೊಳೆದು ಸಿದ್ಧ ಮಾಡಿಡುತ್ತೇನೆ ಎಂದ. ಡ್ರಾಯರಿನ ಬೀಗದ ಕೈ ಅವನ ಕೈಗೇ ಕೊಟ್ಟು ಹೊರಟಳು.

ಏಳನೇ ದಿನ ಬೆಳಗ್ಗೆ ಬಣ್ಣದ ಕೋಣೆಗೆ ಕಾಲಿಟ್ಟವಳಿಗೆ ಜೀವವೇ ಬಾಯಿಗೆ ಬಂದಂತಾಯಿತು.

ಡ್ರಾಯರು ತೆರೆದಿತ್ತು. ಕಪ್ಪು ಬಟ್ಟೆ ಖಾಲಿ ಬಿದ್ದಿತ್ತು. ಅವಳ ಮಾದರಿ ತಗಡು, ಹದಿನಾಲ್ಕು ವರ್ಷ ಬಿಸಿಲು ಕಾಣದ ತಗಡು, ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಸುಡುವ ಬಿಸಿಲಿನಲ್ಲಿ ಒಣಗುತ್ತಿತ್ತು.

“ಯಾರು ಮಾಡಿದ್ದು ಇದನ್ನ?”

“ನಾನು.” ಅವನು ಬಾಗಿಲಲ್ಲಿ ನಿಂತಿದ್ದ. “ಐದು ದಿನ ಆಯ್ತು. ಒಂದು ನಿಮಿಷ ಸಮಾಧಾನವಾಗಿ ಕೇಳಿ, ನಾನು ಹೇಳ್ತೀನಿ—”

“ಏನು ಕೇಳಲಿ? ಇದೊಂದೇ ಮಾದರಿ ಇರೋದು ಅಂತ ಗೊತ್ತಿತ್ತಲ್ಲ ನಿಮಗೆ?”

“ಗೊತ್ತಿತ್ತು. ಕೇಳಿದ್ರೆ ನೀವು ಬೇಡ ಅಂತಿದ್ರಿ.”

“ಮೊದಲ ದಿನದಿಂದ ನಿಮ್ಮ ಮಾತೇ ಸರಿ ಆಗಬೇಕಿತ್ತು, ಅಲ್ವಾ? ಅದಕ್ಕೆ ಸಾಕ್ಷಿಯನ್ನೇ ಸುಟ್ಟು ಹಾಕಿದ್ರಿ.” ಅವಳು ಖಾಲಿ ಕಪ್ಪು ಬಟ್ಟೆಯನ್ನು ಎತ್ತಿ ಹಿಡಿದಳು. “ನಿಮಗೇನು? ಇದು ಮುಳುಗಿದ್ರೆ ಒಂಬತ್ತನೇ ಕೆಲಸ ಕಾಯ್ತಿರುತ್ತೆ. ಬಿಟ್ಟು ಹೋಗೋರಿಗೆ ಇರೋರ ಸಂಕಟ ಏನು ಗೊತ್ತಾಗುತ್ತೆ?”

ಅವನ ಮುಖ ಇಳಿದುಹೋಯಿತು. ಕಡಾಯಿ ಮಾಮನಿಗೂ ಯಾರ ಕಡೆ ನೋಡಬೇಕೆಂದು ತಿಳಿಯಲಿಲ್ಲ. ಬೀಗದ ಕೈ ಕೊಟ್ಟ ಅಪರಾಧಿ ಅವನೇ ಆಗಿದ್ದ.

“ಕೇಳದೆ ಮುಟ್ಟಿದ್ದು ತಪ್ಪು,” ಎಂದ ಹೊಸ ಕೆಮಿಸ್ಟ್ ಕೊನೆಗೆ. “ಅದಕ್ಕೆ ಕ್ಷಮೆ ಕೇಳ್ತೀನಿ. ಉಳಿದದ್ದನ್ನ ನೀವೇ ನೋಡಿ. ನಾನು ಎದುರಿಗಿದ್ರೆ ನೀವು ನೋಡಲ್ಲ.”

ಮಧ್ಯಾಹ್ನಕ್ಕೆ ಅವನ ರಾಜೀನಾಮೆ ಯಜಮಾನರ ಮೇಜಿನ ಮೇಲಿತ್ತು. ಅವಳು ತಗಡನ್ನು ತಿರುಗಿಯೂ ನೋಡದೆ ಡ್ರಾಯರಿಗೆ ತಳ್ಳಿ, ಅರ್ಧ ದಿನ ರಜೆ ಬರೆದು ಮನೆಗೆ ನಡೆದಳು. ದಾರಿಯುದ್ದಕ್ಕೂ ಒಂದೇ ಮಾತು ಕೊರೆಯುತ್ತಿತ್ತು. ಹೋದ ನೋಡು. ಹೋಗ್ತಾನೆ ಅಂತ ಹೇಳಿರಲಿಲ್ವಾ ನಾನು?

*

ಅಪ್ಪ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ವಿಚಿತ್ರವಾದ ಆಟವೊಂದನ್ನು ಆಡುತ್ತಿದ್ದರು. ಒಮ್ಮೆ ಎಡಗಣ್ಣು ಮುಚ್ಚುವುದು, ಒಮ್ಮೆ ಬಲಗಣ್ಣು ಮುಚ್ಚುವುದು.

“ಬಾ ಮಗಳೇ, ತಮಾಷೆ ನೋಡು. ಆಪರೇಷನ್ ಆದ ಕಣ್ಣಲ್ಲಿ ನೋಡಿದ್ರೆ ಗೋಡೆ ಬೆಳ್ಳಗಿದೆ. ಇನ್ನೊಂದರಲ್ಲಿ ನೋಡಿದ್ರೆ ಹಳದಿ. ಇಷ್ಟು ದಿನ ನಾನು ಇದನ್ನೇ ಬಿಳಿ ಅಂದ್ಕೊಂಡಿದ್ನಲ್ಲೇ.”

“ಮುಂಚೆ ಗೊತ್ತಾಗ್ಲಿಲ್ವಾ ಅಪ್ಪ?”

“ಹೇಗೆ ಗೊತ್ತಾಗುತ್ತೆ? ದಿನಕ್ಕೆ ಒಂದು ಕೂದಲಿನಷ್ಟು ಬದಲಾದ್ರೆ, ಒಳಗೇ ಕೂತೋನಿಗೆ ಕಾಣಲ್ಲ. ಹೊರಗಿನವರು ಯಾರಾದ್ರೂ ಹೇಳಬೇಕು.”

ಅವಳು ಕೈಲಿದ್ದ ನೀರಿನ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಇದು ಬಿಳಿ ಅಲ್ಲ ಮೇಡಂ... ಸ್ವಲ್ಪ ಹಳದಿ ಹೊಡೀತಿದೆ...

ಅಪ್ಪ ಅವಳ ಮುಖ ನೋಡಿದರು. ಹೊಸ ಕಣ್ಣಲ್ಲವೇ, ಎಲ್ಲ ಸ್ಪಷ್ಟವಾಗಿ ಕಂಡಿರಬೇಕು. “ಏನಾಯ್ತೇ?”

ಅವಳು ಎಲ್ಲವನ್ನೂ ಹೇಳಿದಳು. ತಗಡು, ಬಿಸಿಲು, ರಾಜೀನಾಮೆ. ಕೊನೆಗೆ, ಬಿಗಿಹಿಡಿದಿದ್ದ ಕಟ್ಟೆ ಒಡೆದಂತೆ, “ಅವನೂ ನಿಮ್ಮ ಹಾಗೇ ಅಪ್ಪ. ಎಲ್ಲೂ ನಿಲ್ಲದೋನು,” ಎಂದು ಅತ್ತುಬಿಟ್ಟಳು.

ಅಪ್ಪ ನೊಂದುಕೊಳ್ಳಲಿಲ್ಲ. ಅವಳ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು.

“ಹನ್ನೊಂದು ಕೆಲಸ ಬಿಟ್ಟೆ, ನಿಜ. ನಿನಗೆ ಕಷ್ಟ ಆಯ್ತು, ಅದೂ ನಿಜ. ಆದ್ರೆ ಒಂದು ಸಲನಾದ್ರೂ ನಿನ್ನ ಬಿಟ್ಟು ಹೋದ್ನಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವಳಿಗೆ ಶಾಲೆಗಳೆಲ್ಲ ನೆನಪಿದ್ದವು. ಪ್ರತಿ ಹೊಸ ಶಾಲೆಯ ಗೇಟಿನವರೆಗೂ ಕೈಹಿಡಿದು ಬಂದವರು ಯಾರೆಂದು ಇಷ್ಟು ವರ್ಷ ಅವಳು ಯೋಚಿಸಿಯೇ ಇರಲಿಲ್ಲ.

*

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಡ್ರಾಯರು ತೆರೆದಳು. ತಗಡಿನ ಅರ್ಧ ಭಾಗಕ್ಕೆ ಕಪ್ಪು ಕಾಗದ ಅಂಟಿಸಿತ್ತು. ನಿನ್ನೆಯ ಕೋಪದಲ್ಲಿ ಅದು ಕಣ್ಣಿಗೇ ಬಿದ್ದಿರಲಿಲ್ಲ.

ಕಾಗದವನ್ನು ಮೆಲ್ಲಗೆ ಎಳೆದಳು.

ಬಿಸಿಲಿಗೆ ಬಿದ್ದಿದ್ದ ಅರ್ಧ ಅಪ್ಪಟ ಹಾಲಿನಂತಿತ್ತು. ಕಾಗದದಡಿ ಕತ್ತಲಲ್ಲಿದ್ದ ಅರ್ಧ, ಹಳೆಯ ಪುಸ್ತಕದ ಹಾಳೆಯಂತೆ ಹಳದಿ.

ಎಣ್ಣೆಯ ಬಿಳಿ ಬಣ್ಣ ಕತ್ತಲಲ್ಲಿಟ್ಟರೆ ಹಳದಿಗಟ್ಟುತ್ತದೆ, ಬೆಳಕು ತಾಗಿದರೆ ತಿಳಿಯಾಗುತ್ತದೆ. ಯಾವುದನ್ನು ಅವಳು ಜೋಪಾನ ಎಂದುಕೊಂಡಿದ್ದಳೋ ಅದೇ ತಗಡನ್ನು ಕೆಡಿಸಿತ್ತು. ಕದಲದೆ ಒಂದೇ ಡ್ರಾಯರಿನಲ್ಲಿ ಕೂತಿದ್ದ ತಗಡು ಕೂತಲ್ಲೇ ಬದಲಾಗಿತ್ತು!

ಅವಳು ತನ್ನ ಹದಿನಾಲ್ಕು ವರ್ಷದ ನೋಟ್‌ಬುಕ್ಕುಗಳನ್ನು ಹರಡಿಕೊಂಡಳು. ತಗಡಿಗೆ ಕೂಡಲೆಂದು ಪ್ರತಿ ಬಟ್ಟಲು ಬಣ್ಣಕ್ಕೆ ಎಷ್ಟು ಹನಿ ಹಳದಿ ಸೇರಿಸಿದೆ ಎಂದು ಅವಳೇ ಬರೆದಿಟ್ಟಿದ್ದಳು. ಮೊದಲ ವರ್ಷ ಎರಡು ಹನಿ. ನಾಲ್ಕನೇ ವರ್ಷ ಮೂರು. ಎಂಟನೇ ವರ್ಷ ಐದು. ಈ ವರ್ಷ ಒಂಬತ್ತು. ಹನಿ ಹೆಚ್ಚಾದಾಗೆಲ್ಲ ಅವಳು ಬಣ್ಣಕ್ಕೆ ಬಿಳಿ ಪುಡಿ ಕಳಿಸುವವರನ್ನು ಬೈದಿದ್ದಳು.

ತಪ್ಪು ಅವಳದೇ ಕೈಬರಹದಲ್ಲಿತ್ತು. ಪುಸ್ತಕ ಮುಚ್ಚಿಟ್ಟು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಏಪ್ರನ್ ಸರಿಮಾಡಿಕೊಂಡು, ತಗಡು, ನೋಟ್‌ಬುಕ್ಕು ಎರಡನ್ನೂ ಎತ್ತಿಕೊಂಡು ನೇರ ಯಜಮಾನರ ಕೋಣೆಗೆ ಹೋದಳು.

“ಆಸ್ಪತ್ರೆಯವರು ಹೇಳಿದ್ದು ಸರಿ. ಹೊಸ ಕೆಮಿಸ್ಟ್ ಹೇಳಿದ್ದೂ ಸರಿ. ತಪ್ಪಿದ್ದು ನಾನು.”

ಯಜಮಾನರ ಕನ್ನಡಕ ಒರೆಸುವ ಕೈ ನಿಂತಿತು. ಅವಳು ಹನಿಗಳ ಲೆಕ್ಕ ತೋರಿಸಿದಳು. ಅರ್ಧ ಬಿಳಿ, ಅರ್ಧ ಹಳದಿ ತಗಡನ್ನು ಮೇಜಿನ ಮೇಲಿಟ್ಟಳು.

“ಆದ್ರೂ ಕಣಮ್ಮ,” ಎಂದರು ಯಜಮಾನರು ನಿಧಾನಕ್ಕೆ, “ಬಿಸಿಲಿಗೆ ಇದು ಅತಿಯಾಗಿ ಬಿಳಿಚಿಕೊಂಡಿಲ್ಲ ಅಂತ ಏನು ಗ್ಯಾರಂಟಿ? ಮತ್ತೆ ಅರವತ್ತು ಡಬ್ಬಿ ಮಾಡಿ, ಅವೂ ವಾಪಸು ಬಂದ್ರೆ?”

ಅವಳು ತಗಡನ್ನು ಮತ್ತೆ ಕೈಗೆತ್ತಿಕೊಂಡಳು.

ಆಗ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಅವನು ಒಳಗೆ ಬಂದ. ಶರ್ಟೆಲ್ಲ ಧೂಳು. ಒಂದು ಕಂಕುಳಲ್ಲಿ ಮರದ ಆಟಿಕೆ ಕುದುರೆ, ಇನ್ನೊಂದರಲ್ಲಿ ದೋಣಿಯ ಪುಟ್ಟ ಬಾಗಿಲು, ಹೆಗಲ ಮೇಲೆ ಒಂದು ಪುಟ್ಟ ಏಣಿ. ಮೂರೂ ಬಿಳಿ. ಕಡಾಯಿ ಮಾಮ ಹಿಂದೆಯೇ ಬಂದು ಏಣಿಯ ಇನ್ನೊಂದು ತುದಿ ಹಿಡಿದುಕೊಂಡ.

“ರಾಜೀನಾಮೆ ಕೊಟ್ಟೋನು ಮತ್ತೆ ಬಂದಿದೀಯಲ್ಲಪ್ಪ,” ಎಂದರು ಯಜಮಾನರು.

“ಕೆಲಸಕ್ಕೆ ಬಂದಿಲ್ಲ ಸಾರ್, ಸಾಕ್ಷಿ ತಂದಿದೀನಿ.” ಅವನು ಏದುಸಿರು ಬಿಡುತ್ತಿದ್ದ. “ನನ್ನ ಹಳೆ ಕಾರ್ಖಾನೆಗಳಲ್ಲಿ ಮೂರು ಕಡೆ ನಿಮ್ಮ ಹಾಲುಬಿಳೀನೇ ಬಳೀತಿದ್ರು. ಹತ್ತು, ಹನ್ನೆರಡು ವರ್ಷದ ಹಿಂದೆ ಬಳಿದು ಬೆಳಕಲ್ಲೇ ಇದ್ದ ವಸ್ತುಗಳು ಇವು. ಒಂದು ಕಡೆಯಿಂದ ಇನ್ನೊಂದು ಕಡೆ ಹೋದಾಗೆಲ್ಲ, ಹೊಸ ಡಬ್ಬಿ ಹಳೇದಕ್ಕಿಂತ ಹಳದಿ ಅನ್ಸೋದು. ಅದಕ್ಕೇ ಇಲ್ಲಿಗೆ ಬಂದೆ.”

“ಇವನ್ನೆಲ್ಲ ಹೇಗೆ ಕೊಟ್ರು ಅವರು?” ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

“ನಿನ್ನೆ ಇಲ್ಲಿಂದ ಹೊರಟೋನು ಹೋಗಿ ಕೇಳಿದೆ. ದೋಣಿ ಮೇಸ್ತ್ರಿ ಬಾಗಿಲನ್ನೇ ಕಿತ್ತುಕೊಟ್ಟ. ಪೆನ್ಸಿಲ್ ಕಾರ್ಖಾನೆಯವರು ಏಣಿ ಕೊಟ್ರು. ಆಟಿಕೆ ಕಾರ್ಖಾನೆ ಅಜ್ಜಿ ಗಾಜಿನ ಬೀರುವಿನಿಂದ ಕುದುರೆ ತೆಗೆದುಕೊಟ್ಟು, ಊಟ ಮಾಡಿಸಿಯೇ ಕಳಿಸಿದ್ರು.”

ಅವಳು ಅವನನ್ನೇ ನೋಡಿದಳು. ಏಳು ಕಡೆ ಕೆಲಸ ಬಿಟ್ಟವನು. ಬಿಟ್ಟಲ್ಲೆಲ್ಲ ಅವನಿಗಾಗಿ ಬಾಗಿಲು ಕಿತ್ತುಕೊಡುವ ಜನ. ಇವನು ಕೆಲಸಗಳನ್ನು ಬಿಟ್ಟಿದ್ದನೇ ಹೊರತು ಯಾರನ್ನೂ ಬಿಟ್ಟಿರಲಿಲ್ಲ.

ನಾಲ್ವರೂ ಎಲ್ಲವನ್ನೂ ಕಿಟಕಿಯ ಹತ್ತಿರ ಸಾಲಾಗಿಟ್ಟರು. ಕುದುರೆ, ಬಾಗಿಲು, ಏಣಿ, ತಗಡಿನ ಬಿಸಿಲು ಕಂಡ ಅರ್ಧ. ಅವಳು ಬಾಗಿ ನೋಡಿದಳು. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ.

“ಹೂಂ,” ಅಂದಳು ಬಣ್ಣದಕ್ಕ.

*

ಆ ದಿನ ಅವಳು ಕಡಾಯಿಯ ಪಕ್ಕವೇ ನಿಂತು ಬಣ್ಣ ಮಾಡಿಸಿದಳು. ಬಟ್ಟಲಿಗೆ ಎರಡು ಹನಿ ಹಳದಿ, ಅಷ್ಟೇ. ಅವನು ಕಲೆಸಿದ, ಅವಳು ನೋಡಿದಳು. ಇಬ್ಬರೂ ಕೆಲಸಕ್ಕೆ ಬೇಕಾದ್ದು ಬಿಟ್ಟು ಬೇರೆ ಒಂದು ಮಾತೂ ಆಡಲಿಲ್ಲ. ಆಡಬೇಕಾದದ್ದು ಬೆಟ್ಟದಷ್ಟಿತ್ತು.

ನಾಲ್ಕು ದಿನದ ಮೇಲೆ ಆಸ್ಪತ್ರೆಯ ಮೇಲ್ವಿಚಾರಕಿ ಉದ್ದನೆಯ ಓಣಿಯಲ್ಲಿ ನಡೆದರು. ಎರಡೂ ಬದಿ ಬಾಗಿಲುಗಳ ಸಾಲು. ಅರ್ಧ ಹಳೆಯವು, ಅರ್ಧ ನಿನ್ನೆ ಬಳಿದವು. ಆ ತುದಿಗೆ ಹೋದರು. ವಾಪಸು ಬಂದರು. ಮತ್ತೆ ಹೋದರು.

“ಹೊಸ ಬಾಗಿಲು ಯಾವುದರಿಂದ ಶುರುವಾಗುತ್ತೆ?” ಎಂದು ಕೇಳಿದರು.

ಕಡಾಯಿ ಮಾಮ ತಡೆಯಲಾರದೆ, “ನೀವೇ ಹುಡುಕಿ ಅಮ್ಮ,” ಅಂದ.

ಅವರು ಹುಡುಕಿದರು. ಸಿಗಲಿಲ್ಲ. ಕೊನೆಗೆ ನಗುತ್ತಾ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಯಜಮಾನರು ಅಲ್ಲೇ ಓಣಿಯಲ್ಲಿ ನಿಂತು, ಬಣ್ಣದ ಕೋಣೆಗೆ ಇನ್ನು ಬೀಗ ಬೀಳುವುದಿಲ್ಲ, ಅದರ ಸಂಪೂರ್ಣ ಅಧಿಕಾರ ಅವಳದು ಎಂದು ಸಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಔಷಧಿ ತರುತ್ತಿದ್ದ ನರ್ಸ್ ಒಬ್ಬಳು ಏನೆಂದು ತಿಳಿಯದೆಯೇ ತಟ್ಟಿದಳು.

“ನನ್ನದೊಂದು ಕೋರಿಕೆ ಇದೆ,” ಎಂದಳು ಅವಳು. “ವರ್ಷಕ್ಕೆ ಒಂದು ತಿಂಗಳು ನನ್ನನ್ನ ಹೊರಗೆ ಕಳಿಸಿ. ಬೇರೆಯವರ ಕಾರ್ಖಾನೇಲಿ ಕೆಲಸ ಮಾಡಿ ಬರ್ತೀನಿ. ಇಲ್ಲೇ ಕೂತಿದ್ರೆ ನನಗೆ ಮತ್ತೆ ಹಳದಿ ಕಾಣಲ್ಲ.”

ಯಜಮಾನರು ಒಪ್ಪಿದರು. ಆಮೇಲೆ ಜೇಬಿನಿಂದ ಇನ್ನೊಂದು ಕಾಗದ ತೆಗೆದು ಟೆಂಪ್ರವರಿಯ ಕೈಗಿಟ್ಟರು. ಕಾಯಂ ಕೆಲಸದ ಪತ್ರ. ಅವನು ಅದನ್ನು ಓದಿ, ಪೆನ್ನು ಹುಡುಕುತ್ತಾ ಮೆಟ್ಟಿಲ ಕಡೆ ನಡೆದ. ಅವಳು ಹಿಂದೆಯೇ ಹೋದಳು. ಮೆಟ್ಟಿಲ ಬಳಿಯ ದೊಡ್ಡ ಕಿಟಕಿಯಲ್ಲಿ ಮಧ್ಯಾಹ್ನದ ಬೆಳಕು ತುಂಬಿತ್ತು.

“ಸಹಿ ಹಾಕ್ತೀರಾ?”

“ಹಾಕ್ತೀನಿ. ನಿಮಗೋಸ್ಕರ.”

“ನನಗೋಸ್ಕರ ಆದ್ರೆ ಹಾಕ್ಬೇಡಿ.”

ಅವನ ಮುಖ ಬಾಡಿತು. ಅವಳು ಒಂದು ಮೆಟ್ಟಿಲು ಇಳಿದು ಅವನ ಸಮಕ್ಕೆ ಬಂದು ನಿಂತಳು. ಈ ಸಲ ಅವಳು ಕಣ್ಣು ತಪ್ಪಿಸಲಿಲ್ಲ.

“ಕಲಿಯೋದು ಇದ್ರೆ ಇರಿ. ಮುಗಿದಾಗ ಹೋಗಿ, ಒಂಬತ್ತನೇದೋ ಹತ್ತನೇದೋ ಹುಡುಕಿಕೊಳ್ಳಿ. ನಾನು ತಡೆಯಲ್ಲ. ನೀವು ಎಲ್ಲಿ ಕೆಲಸ ಮಾಡ್ತೀರಿ ಅನ್ನೋದರ ಮೇಲೆ ನನ್ನ ಭಯ ನಿಂತಿತ್ತು. ಈಗ ಆ ಭಯ ಇಲ್ಲ.” ಅವಳು ಇನ್ನಷ್ಟು ಹತ್ತಿರ ಬಂದಳು. “ನನಗೆ ನೀವು ಅಂದ್ರೆ ಇಷ್ಟ. ಅವತ್ತು ಹಾಗೆಲ್ಲ ಅಂದಿದ್ದಕ್ಕೆ...”

“ಅದು ಬಿಡಿ. ಅದಕ್ಕೆ ಮುಂಚಿನ ಮಾತು ಇನ್ನೊಂದು ಸಲ ಹೇಳಿ.”

“ಯಾವುದು?”

“ಗೊತ್ತಿದ್ದೂ ಕೇಳ್ತೀರಲ್ಲ.”

ಅವಳು ನಕ್ಕಳು. ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಅವನು ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು, ಎರಡೂ ಕೈಗಳಿಂದ ಅವಳ ಕೈ ಹಿಡಿದ. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಬಣ್ಣ ಅಂಟಿಕೊಂಡಿದ್ದ ಕೈ.

“ಹಾಗಾದ್ರೆ ನಾನೂ ಒಂದು ಕೇಳ್ತೀನಿ,” ಎಂದಳು. “ಎಷ್ಟು ವರ್ಷ ಇರ್ತೀರ?”

“ಕಾರ್ಖಾನೇಲಾ?”

“ಕಾರ್ಖಾನೆ ವಿಷಯ ಯಾರು ಕೇಳಿದ್ರು?”

ಅವನು ಉತ್ತರ ಕೊಡುವ ಮೊದಲು ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

“ನಿಮ್ಮ ಹತ್ರನಾ? ಅಲ್ಲಿಂದ ನನ್ನನ್ನ ತೆಗೆದು ಹಾಕಿದ್ರೂ ಹೋಗಲ್ಲ.”